ಹೊರಗೋಡೆ

ನಮ್ಮ ಮನೆಗೆ ಮೊದಲ ಸಲ ಬರುವವರಿಗೆ ನಾನು ಸುಮಾರು ಮೂವತ್ತು ವರ್ಷದಿಂದ ಒಂದೇ ಗುರುತು ಹೇಳುತ್ತ ಬಂದಿದ್ದೆ. "ಮಯೂರ್ ವಿಹಾರ್ ಫೇಸ್ ಒಂದು. ಮದರ್ ಡೇರಿ ಬೂತ್ ದಾಟಿ ಎಡಕ್ಕೆ ತಿರುಗಿ. ಎರಡನೇ ಗೇಟು. ಒಳಗೆ ಬೇವಿನ ಮರದ ಪಕ್ಕ ಒಂದು ಕಪ್ಪು ಬಿಲ್ಡಿಂಗ್ ಕಾಣುತ್ತೆ, ಅದರ ಮೊದಲನೇ ಮಹಡಿ." ಕಪ್ಪು ಅನ್ನುವಾಗ ನನಗೆ ಏನೂ ಅನ್ನಿಸುತ್ತಿರಲಿಲ್ಲ. ಅದು ಬೈಗುಳವಲ್ಲ, ವಿಳಾಸ. ಹೀಗೇ ಒಂದು ಸಲ ಬೆಂಗಳೂರಿನಿಂದ ಬಂದ ಗೆಳೆಯರ ಮಗ ಒಳಗೆ ಕೂತು ಅವಲಕ್ಕಿ ತಿನ್ನುತ್ತ, ಬಹಳ ವಿನಯದಿಂದ, "ಅಂಕಲ್, ರಿಟೈರ್ ಆದ ಮೇಲೂ ಕ್ವಾರ್ಟರ್ಸ್‌ನಲ್ಲಿ ಇರೋಕೆ ಬಿಡ್ತಾರಾ?" ಅಂತ ಕೇಳಿದ. ಇದು ಸ್ವಂತದ್ದಪ್ಪಾ ಅಂದೆ. ಅವನು ಇನ್ನೊಂದು ಚಮಚ ಅವಲಕ್ಕಿ ಬಾಯಿಗಿಟ್ಟುಕೊಂಡು ಸುಮ್ಮನಾದ.

ಆ ಕಪ್ಪು ಮೊದಲು ಕಪ್ಪಾಗಿರಲಿಲ್ಲ. ದೆಹಲಿಗೆ ಬಂದವರು ನೋಡಿರುತ್ತೀರಿ, ಅರವತ್ತು, ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಇಲ್ಲಿ ಕಟ್ಟಿದ ಬಹಳಷ್ಟು ಮನೆ, ಆಫೀಸುಗಳ ಹೊರಗೋಡೆಗೆ ಬಣ್ಣವೇ ಇರುವುದಿಲ್ಲ. ಮುಟ್ಟಿದರೆ ಕೈ ತರಚುವಂಥ ಸಣ್ಣ ಸಣ್ಣ ಕಲ್ಲಿನ ಚೂರು. ಅದಕ್ಕೆ ಇಲ್ಲಿನವರು ಗ್ರಿಟ್ ಅನ್ನುತ್ತಾರೆ. ಸಾದಾ ಗಿಲಾವಿನ ಮೇಲೆ ಸಿಮೆಂಟು, ಕಲ್ಲಿನ ಚೂರು ಕಲಸಿದ ಇನ್ನೊಂದು ಪದರ ಬಳಿಯುತ್ತಾರೆ. ಅದು ಅರ್ಧ ಗಟ್ಟಿಯಾಗುವ ಹೊತ್ತು ಕಾದು, ನೀರು ಚಿಮುಕಿಸುತ್ತ ಬ್ರಷ್ಷಿನಿಂದ ಉಜ್ಜಿದರೆ ಮೇಲಿನ ಸಿಮೆಂಟು ತೊಳೆದುಹೋಗಿ ಕಲ್ಲು ಹೊರಗೆ ಕಾಣುತ್ತದೆ. ಬೇಗ ಉಜ್ಜಿದರೆ ಕಲ್ಲೇ ಉದುರುತ್ತದೆ, ತಡ ಮಾಡಿದರೆ ಸಿಮೆಂಟು ಬಿಡುವುದಿಲ್ಲ. 1982ರ ಏಷ್ಯನ್ ಕ್ರೀಡೆಗಾಗಿ ವಾಸ್ತುಶಿಲ್ಪಿ ರಾಜ್ ರೇವಲ್ ಅವರು ರೂಪಿಸಿದ ಏಷ್ಯಾಡ್ ವಿಲೇಜ್ ನೋಡಿದರೆ ಈ ಗೋಡೆ ಎಷ್ಟು ಚೆಂದ ಇರಬಲ್ಲದು ಅಂತ ಗೊತ್ತಾಗುತ್ತದೆ. ನಮ್ಮದು ಅಷ್ಟು ದೊಡ್ಡ ಮಾತಲ್ಲ. ಆದರೂ ಹೊಸದರಲ್ಲಿ ತಿಳಿಹಳದಿ ಬಿಳಿಯ ನಡುವೆ ಒಂದು ಬಣ್ಣ, ಸಂಜೆ ಬಿಸಿಲಿಗೆ ಹುರಿದ ರವೆಯ ಹಾಗೆ ಕಾಣುತ್ತಿತ್ತು. ಒರಟು ಗೋಡೆ ಧೂಳು ಹಿಡಿಯುತ್ತದೆ. ದೆಹಲಿಯಲ್ಲಿ ಧೂಳಿಗೇನು ಬರ. ಮೇ ತಿಂಗಳ ಒಂದು ಆಂಧಿ ಬೀಸಿದರೆ ಸಾಕು, ಅಡುಗೆಮನೆಯ ಡಬ್ಬಿ ಒಳಗೂ ರಾಜಸ್ಥಾನ. ಮೂವತ್ತಾರು ವರ್ಷದ ಧೂಳು, ಹೊಗೆ, ಮಳೆ ಸೇರಿ ರವೆ ಸೀದುಹೋಗಿತ್ತು.

ಈ ಮನೆ ನಮಗೆ ಬಂದದ್ದು ಲಾಟರಿಯಲ್ಲಿ. ನಾನು ತೀರ್ಥಹಳ್ಳಿ ಕಡೆಯವನು, 1979ರಲ್ಲಿ ಕೇಂದ್ರ ಸರ್ಕಾರದ ಕೆಲಸ ಸಿಕ್ಕಿ ಇಲ್ಲಿಗೆ ಬಂದೆ. ಅದೇ ವರ್ಷ ದೆಹಲಿ ಅಭಿವೃದ್ಧಿ ಪ್ರಾಧಿಕಾರ, ಅಂದರೆ ಎಲ್ಲರ ಬಾಯಲ್ಲಿರುವ ಡಿಡಿಎ, ಮನೆ ಬೇಕಾದವರ ಹೆಸರು ಬರೆಸಿಕೊಳ್ಳುವ ಹೊಸ ಯೋಜನೆ ತೆರೆಯಿತು. ಒಂದು ಲಕ್ಷ ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಬರೆಸಿದರು. ನಮ್ಮ ಸೆಕ್ಷನ್ನಿನ ಹಿರಿಯರೊಬ್ಬರು, ಧಾರವಾಡದವರು, ನನ್ನ ಕೈಯಲ್ಲಿ ಫಾರಂ ತುರುಕಿ, "ತಮ್ಮಾ, ಇರ್ತೀಯೋ ಹೋಗ್ತೀಯೋ ಆಮ್ಯಾಲ ನೋಡೂಣು, ಮೊದಲ ಹೆಸರ ಬರಸು" ಅಂದರು. ಬರೆಸಿದೆ. 1987ರಲ್ಲಿ ನನ್ನ ನಂಬರು ಬಂತು. ಆಗ ಈ ಕಡೆ ಯಮುನೆ ದಾಟಿ ಬರುವುದೆಂದರೆ ಊರ ಹೊರಗೆ ಹೋದ ಹಾಗೆ. ರಾತ್ರಿ ನರಿ ಕೂಗುತ್ತಿತ್ತು. ನನ್ನವಳು ಕೀಲಿ ತೆಗೆದ ದಿನ ಬಾಲ್ಕನಿಯಲ್ಲಿ ನಿಂತು, "ರೀ, ಎರಡು ವರ್ಷ ಇದ್ದು ಬಾಡಿಗೆಗೆ ಕೊಟ್ಟು ಊರ ಕಡೆ ವರ್ಗ ಮಾಡಿಸ್ಕೊಳ್ಳಿ" ಅಂದಳು. ಆಯ್ತು ಅಂದೆ.

ಮುಂದಿನದು ಹೊರನಾಡಿನಲ್ಲಿರುವ ಯಾರಿಗೂ ಹೊಸದಲ್ಲ. ಹೇಗಿದ್ರೂ ಹೋಗೋರು. ಈ ಎರಡು ಶಬ್ದ ನಮ್ಮ ಮನೆಯ ಕುಲದೇವರು. ಅಡುಗೆಮನೆಯ ಕಟ್ಟೆಗೆ ಕಲ್ಲು ಹಾಕಿಸಬೇಕಾ? ಹೇಗಿದ್ರೂ ಹೋಗೋರು. ಒಳಗಿನದಾದರೂ ಆಮೇಲೆ ಒಂದೊಂದೇ ಮಾಡಿಸಿದೆವು, ಯಾಕೆಂದರೆ ಒಳಗೆ ನಾವಿದ್ದೆವು. ಹೊರಗೋಡೆಯನ್ನು ಮಾತ್ರ ಮುಟ್ಟಲಿಲ್ಲ. 1994ರಲ್ಲಿ ಶಿವಮೊಗ್ಗದಲ್ಲಿ ಒಂದು ಮೂವತ್ತು ನಲವತ್ತರ ಸೈಟು ತೆಗೆದುಕೊಂಡ ಮೇಲಂತೂ ದೆಹಲಿಯ ಮನೆಯ ಹೊರಗೆ ಒಂದು ರೂಪಾಯಿ ಹಾಕುವುದು ಆ ಸೈಟಿಗೆ ಮಾಡುವ ದ್ರೋಹ ಅನ್ನುವ ಹಾಗಿತ್ತು. ಆ ಸೈಟಿನಲ್ಲಿ ಈಗಲೂ ಪಕ್ಕದವರು ದನ ಕಟ್ಟುತ್ತಾರೆ.

ಇನ್ನೊಂದು ಕಾರಣವೂ ಇತ್ತು. ಡಿಡಿಎ ಮನೆಯ ಹೊರಗೋಡೆ ಒಬ್ಬರದ್ದಲ್ಲ. ನಮ್ಮದು ಒಂದು ಮೆಟ್ಟಿಲು, ಎಂಟು ಮನೆ. ಬಾಲ್ಕನಿಗೆ ಗ್ರಿಲ್ಲು, ಗಾಜು ಹಾಕಿಸಿಕೊಳ್ಳಬಹುದು, ಸುಣ್ಣ ಬಣ್ಣ ಬಳಿಸಬಹುದು, ಅದಕ್ಕೆ ಯಾರ ಅಪ್ಪಣೆಯೂ ಬೇಡ. ಅದಕ್ಕಿಂತ ದೊಡ್ಡದು ಮಾಡುವುದಾದರೆ ಅಕ್ಕಪಕ್ಕ, ಮೇಲೆ ಕೆಳಗೆ ಎಲ್ಲರೂ ಹೂಂ ಅನ್ನಬೇಕು. ಹೀಗಾಗಿ ನಮ್ಮ ಕಾಲೊನಿಯ ಕಟ್ಟಡಗಳು ನಿಂತು ನೋಡುವ ಹಾಗಿವೆ. ಒಂದೇ ಗೋಡೆ, ಕೆಳಗೆ ಗುಲಾಬಿ, ಅದರ ಮೇಲೆ ಗ್ರಿಟ್, ಅದರ ಮೇಲೆ ಪಿಸ್ತಾ ಹಸಿರು, ತುದಿಯಲ್ಲಿ ಬೂದಿ. ವಾಸ್ತುಶಿಲ್ಪಿ ಗೌತಮ್ ಭಾಟಿಯಾ 1994ರಲ್ಲೇ ದೆಹಲಿಯ ಶ್ರೀಮಂತರ ಮನೆಗಳನ್ನು ಹಾಸ್ಯ ಮಾಡಿ ಪಂಜಾಬಿ ಬರೋಕ್ ಅಂತ ಪುಸ್ತಕಕ್ಕೇ ಹೆಸರಿಟ್ಟರು. ನಮ್ಮದಕ್ಕೆ ಅವರು ಏನನ್ನುತ್ತಿದ್ದರೋ. ಹೋಳಿಗೆ ಊಟದ ಎಲೆ ಅನ್ನಬಹುದು.

2023ರ ಜುಲೈ 9, ಭಾನುವಾರ ಬೆಳಿಗ್ಗೆ ಎಂಟೂವರೆಗೆ ಮುಗಿದ ಇಪ್ಪತ್ತನಾಲ್ಕು ಗಂಟೆಯಲ್ಲಿ ದೆಹಲಿಯಲ್ಲಿ 153 ಮಿಲಿಮೀಟರ್ ಮಳೆ. ಜುಲೈ ತಿಂಗಳಿನಲ್ಲಿ ಒಂದೇ ದಿನಕ್ಕೆ ಇಷ್ಟು ಮಳೆ 1982ರಿಂದ ಈಚೆಗೆ ಆಗಿರಲಿಲ್ಲ ಅಂತ ಟೀವಿಯಲ್ಲಿ ಹೇಳುತ್ತಿದ್ದರು. ಆಗುಂಬೆ ಪಕ್ಕದ ನಾನು ಅದನ್ನು ಕೇಳಿ ನಕ್ಕೆ. ನಮ್ಮಲ್ಲಿ ಇದಕ್ಕೆ ಮಳೆ ಹಿಡೀತು ಅನ್ನುತ್ತಾರೆ ಅಷ್ಟೆ. ನಗುವುದು ಎರಡು ದಿನಕ್ಕೆ ನಿಂತಿತು.

ಮಂಗಳವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ದೊಡ್ಡ ಸದ್ದು. ಹೊರಗೆ ಬಂದು ನೋಡಿದರೆ ಕೆಳಗೆ ಇಸ್ತ್ರಿಯವನ ಮೇಜಿನ ಮೇಲೆ ನಮ್ಮ ಬಾಲ್ಕನಿ ಬಿದ್ದಿದೆ. ಇಡೀ ಬಾಲ್ಕನಿ ಅಲ್ಲ, ಅದರ ಅಡಿಯ ಒಂದು ಹಾಸು, ಊಟದ ತಟ್ಟೆ ಮೂರು ಸೇರಿಸಿದಷ್ಟು ಅಗಲ, ಮೂರು ಬೆರಳು ದಪ್ಪ. ಮೇಜಿನ ಹಲಗೆ ಮಧ್ಯಕ್ಕೆ ಸೀಳಿತ್ತು. ಇಸ್ತ್ರಿಯವನು ಇದ್ದಲು ತರಲು ಹೋಗಿದ್ದ. ಅವನ ಮಗಳು, ಆರನೇ ಕ್ಲಾಸಿನವಳು, ಮಳೆಗೆ ಶಾಲೆ ರಜೆ ಅಂತ ಅಲ್ಲೇ ಮೇಜಿನ ಪಕ್ಕ ಸ್ಟೂಲ್ ಮೇಲೆ ಕೂತು ಬಟ್ಟೆ ಎಣಿಸುತ್ತಿದ್ದವಳು, ಮೂರನೇ ಮಹಡಿಗೆ ಬಟ್ಟೆ ಕೊಡಲು ಹತ್ತಿದ್ದಳು. ಅವಳು ಮೆಟ್ಟಿಲಿನಿಂದ ಇಳಿದು ಬಂದು ನನ್ನ ಪಕ್ಕ ನಿಂತು ಮೇಲೆ ನೋಡಿದಳು. ನಾನೂ ನೋಡಿದೆ. ನಮ್ಮ ಬಾಲ್ಕನಿಯ ಹೊಟ್ಟೆಯಲ್ಲಿ ತುಕ್ಕು ಹಿಡಿದ ಕಂಬಿಗಳು ಮೀನಿನ ಮುಳ್ಳಿನ ಹಾಗೆ ಕಾಣುತ್ತಿದ್ದವು.

ಯಾರೂ ನನ್ನನ್ನು ಬೈಯಲಿಲ್ಲ. ಮಳೆ ಅಂದರು, ಹಳೇ ಕಟ್ಟಡ ಅಂದರು. ನಮ್ಮ ಎರಡನೇ ಮಹಡಿಯ ಬಂಗಾಳಿ ದಾದಾ ರಿಟೈರ್ಡ್ ಎಂಜಿನಿಯರು. ಅವರು ಮಾತ್ರ ಕೊಡೆ ಹಿಡಿದುಕೊಂಡು ಬಹಳ ಹೊತ್ತು ಮೇಲೆ ನೋಡಿ, "ಕೂಲರ್ ಎಲ್ಲಿಡ್ತಿದ್ರಿ?" ಅಂತ ಕೇಳಿದರು.

ಕೂಲರ್ ಅಂದರೆ ಊರಿನವರಿಗೆ ಹೇಳಬೇಕು. ತಗಡಿನ ದೊಡ್ಡ ಪೆಟ್ಟಿಗೆ, ಮೂರು ಕಡೆ ಹುಲ್ಲಿನ ಚಾಪೆ, ಕೆಳಗೆ ನೀರಿನ ತೊಟ್ಟಿ, ಒಳಗೆ ಫ್ಯಾನು. ಪಂಪು ಚಾಪೆಯ ಮೇಲೆ ನೀರು ಸುರಿಯುತ್ತದೆ, ಫ್ಯಾನು ಒದ್ದೆ ಗಾಳಿ ಒಳಗೆ ತಳ್ಳುತ್ತದೆ. ಎ.ಸಿ. ಕೊಳ್ಳಲಾರದ ದೆಹಲಿ ಬದುಕಿದ್ದೇ ಅದರ ಮುಂದೆ. ಅದು ತೊಟ್ಟಿಕ್ಕುತ್ತದೆ. ನಮ್ಮದು ಬಾಲ್ಕನಿಯ ಎಡಮೂಲೆಯಲ್ಲಿ, ಕಿಟಕಿಗೆ ಆನಿಸಿ, ಇಪ್ಪತ್ತೆಂಟು ಬೇಸಿಗೆ ತೊಟ್ಟಿಕ್ಕಿತು. ನೀರು ಕಾಂಕ್ರೀಟಿನ ಒಳಗೆ ಇಳಿದು ಕಂಬಿ ಮುಟ್ಟಿದರೆ ತುಕ್ಕು. ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ. ಉಬ್ಬಿದ್ದು ತನ್ನ ಮೇಲಿನ ಹೊದಿಕೆಯನ್ನು ತಳ್ಳಿ ಬೀಳಿಸುತ್ತದೆ. ಬಿದ್ದದ್ದು ಸರಿಯಾಗಿ ಎಡಮೂಲೆಯ ಅಡಿ.

ದಾದಾಗೆ ನಾನು ಹೇಳದ ಒಂದು ಮಾತಿದೆ, ಇಲ್ಲಿ ಹೇಳುತ್ತೇನೆ. ಆ ಜಾಗದಲ್ಲಿ ತುಕ್ಕಿನ ಕಂದು ಕಲೆ ಮೂಡಿದ್ದನ್ನು ನಾನು ಆರೇಳು ವರ್ಷದ ಹಿಂದೆಯೇ ಕೆಳಗಿನಿಂದ ನೋಡಿದ್ದೆ. ಅದರ ಉದ್ದಕ್ಕೂ ಕೂದಲೆಳೆಯ ಬಿರುಕು. ನೋಡಿ, ಮೆಟ್ಟಿಲು ಹತ್ತಿ ಒಳಗೆ ಬಂದು, ಹೇಗಿದ್ರೂ ಹೋಗೋರು ಅಂದುಕೊಂಡಿದ್ದೆ. ಆ ಹುಡುಗಿ ಆಗ ಅಂಗನವಾಡಿಯ ವಯಸ್ಸಿನವಳು, ಅಪ್ಪನ ಮೇಜಿನ ಕೆಳಗೇ ಮಲಗುತ್ತಿದ್ದಳು.

ಆ ವಾರ ಯಮುನೆ ಉಕ್ಕಿತು. ಜುಲೈ 13ರಂದು ನೀರಿನ ಮಟ್ಟ 208.66 ಮೀಟರ್, 1978ರ ದಾಖಲೆ 207.49 ಮೀಟರನ್ನೂ ಮೀರಿ. ನದಿಪಾತ್ರದಲ್ಲಿ ತರಕಾರಿ ಬೆಳೆಯುವವರೆಲ್ಲ ಎಮ್ಮೆ, ಮಂಚ, ಮಕ್ಕಳ ಸಮೇತ ನಮ್ಮ ಮಯೂರ್ ವಿಹಾರದ ಹೆದ್ದಾರಿ ಬದಿಯ ಡೇರೆಗಳಿಗೆ ಬಂದರು. ನನ್ನವಳು ದಿನಾ ಒಂದು ಡಬ್ಬಿ ಚಿತ್ರಾನ್ನ ಕಟ್ಟಿಕೊಂಡು ಹೋಗುತ್ತಿದ್ದಳು. ವಾಪಸು ಬಂದವಳು ಒಂದು ಸಂಜೆ ಚಪ್ಪಲಿ ಬಿಡುತ್ತಲೇ ಅಂದಳು: "ರೀ, ಇನ್ನು ಆ ಮಾತು ಆಡಬೇಡಿ." ಯಾವ ಮಾತು ಅಂತ ನಾನು ಕೇಳಲಿಲ್ಲ.

ಎಂಟು ಮನೆಯ ಮೀಟಿಂಗು ನಮ್ಮಲ್ಲೇ ಆಯಿತು. ಎಂಟಕ್ಕೆ ಆರು ಜನ ಬಂದರು, ಅದೇ ಒಂದು ದಾಖಲೆ. ಕೆಳಗಿನ ಮಾತಾಜಿ ಎಲ್ಲರಿಗಿಂತ ಮೊದಲು ಬಂದು ಗಟ್ಟಿ ಕುರ್ಚಿ ಆರಿಸಿ ಕೂತರು. ಆರು ವರ್ಷದ ಹುಡುಗಿಯಾಗಿದ್ದಾಗ ಲಾಯಲ್‌ಪುರದಿಂದ ರೈಲಿನಲ್ಲಿ ಬಂದವರು. ಈ ನಗರದಲ್ಲಿ ಅವರದ್ದು ಇದು ಐದನೇ ಮನೆ. ಬಾಲ್ಕನಿ ಕಂಬಿ ಸರಿ ಮಾಡಿಸುವುದಕ್ಕೆ ಯಾರದ್ದೂ ತಕರಾರಿಲ್ಲ, ಯಾಕೆಂದರೆ ದಾದಾ ಕೋಲಿನಿಂದ ತಟ್ಟಿ ನೋಡಿ ಇನ್ನೂ ಮೂರು ಬಾಲ್ಕನಿ ಟೊಳ್ಳು ಸದ್ದು ಕೊಡುತ್ತಿವೆ ಅಂತ ಹೇಳಿದ್ದರು. ಜಗಳ ಶುರುವಾದದ್ದು ಮುಂದಿನ ಪ್ರಶ್ನೆಗೆ. ಹೇಗೂ ಸಾರುವೆ ಕಟ್ಟುತ್ತೀವಿ, ಗೋಡೆಗೆ ಏನು ಮಾಡೋಣ?

ಮೂರನೇ ಮಹಡಿಯ ಹುಡುಗ, ಹುಡುಗ ಅಂದರೆ ನಲವತ್ತರವನು, ಗುರುಗ್ರಾಮದಲ್ಲಿ ಕೆಲಸ, ಲ್ಯಾಪ್‌ಟಾಪ್ ತೆಗೆದು ತೋರಿಸಿದ. ನಮ್ಮದೇ ಕಟ್ಟಡ. ಗುರುತೇ ಸಿಗಲಿಲ್ಲ. ಮುಂಭಾಗಕ್ಕೆ ಮರದ ಹಾಗೆ ಕಾಣುವ ಹಲಗೆ, ಅದು ಮರ ಅಲ್ಲ, ಲ್ಯಾಮಿನೇಟು. ನಡುವೆ ಕಡುಬೂದಿ ಪಟ್ಟಿ. ಬಾಲ್ಕನಿಗೆ ಗಾಜಿನ ಕಟಾಂಜನ. ಕೆಳಗಿನಿಂದ ಮೇಲಕ್ಕೆ ಬೆಳಕು. ಚಿತ್ರದಲ್ಲಿ ಬೇವಿನ ಮರ ಇರಲಿಲ್ಲ, ಇಸ್ತ್ರಿಯವನೂ ಇರಲಿಲ್ಲ. ಇಂಥದ್ದಕ್ಕೆ ಇಲ್ಲಿ ಎಲಿವೇಶನ್ ಅನ್ನುತ್ತಾರೆ. ಎಲಿವೇಶನ್ ಮಾಡಿಸಿದರೆ ಮನೆಯ ಬೆಲೆ ಏರುತ್ತದೆ ಅನ್ನುವುದು ಅವನ ವಾದ. ಮನೆಗೆ ಎರಡೂಕಾಲು ಲಕ್ಷ ಬೀಳುತ್ತದೆ. ಬರಿ ರಿಪೇರಿ, ಬಣ್ಣ ಅಂದರೆ ತೊಂಬತ್ತು ಸಾವಿರ.

"ಅಂಕಲ್‌ಜೀ, ನೀವೂ ನಾಳೆ ಮಾರಿ ಸೌತಿಗೆ ಹೋಗೋರೇ ಅಲ್ವಾ? ನಿಮಗೇ ಲಾಭ" ಅಂತ ಅವನು ನನ್ನ ಕಡೆ ತಿರುಗಿದ. ತಪ್ಪು ಅವನದ್ದಲ್ಲ. ಹಾಗಂತ ಮೂವತ್ತಾರು ವರ್ಷ ಮೆಟ್ಟಿಲ ಮೇಲೆ ಹೇಳುತ್ತ ಬಂದವನು ನಾನೇ.

ನಾನು ಗ್ರಿಟ್ ಉಳಿಸೋಣ ಅಂದೆ. ತೊಳೆಸಿ, ಬಿದ್ದಲ್ಲಿ ಹೊಸದು ಬಳಿಸೋಣ. ಬಣ್ಣ ಹಾಕಿದರೆ ಮೂರು ವರ್ಷಕ್ಕೊಮ್ಮೆ ಹಾಕಬೇಕು, ಈ ಗೋಡೆ ಮೂವತ್ತಾರು ವರ್ಷ ಏನೂ ಕೇಳಿಲ್ಲ. ಹಳೆಯದು ಅಂತ ಒಗೆಯುವುದೇ ಅಭ್ಯಾಸವಾದರೆ ಪ್ರಗತಿ ಮೈದಾನದ ಗತಿಯೇ ಎಲ್ಲದಕ್ಕೂ ಅಂತ ಸ್ವಲ್ಪ ಜೋರಾಗಿಯೇ ಹೇಳಿದೆ. 1972ರಲ್ಲಿ ಕಟ್ಟಿದ ಹಾಲ್ ಆಫ್ ನೇಷನ್ಸ್ ಅನ್ನು, ಅದೂ ರಾಜ್ ರೇವಲ್ ಅವರದ್ದೇ, 2017ರ ಏಪ್ರಿಲ್‌ನಲ್ಲಿ ರಾತ್ರೋರಾತ್ರಿ ಕೆಡವಿದ್ದು ನನ್ನ ಮನಸ್ಸಿನಲ್ಲಿ ಇನ್ನೂ ಇತ್ತು. ನಾವು ಬಂದ ಹೊಸದರಲ್ಲಿ ವ್ಯಾಪಾರ ಮೇಳಕ್ಕೆ ಹೋಗಿ, ಅದರ ಅಡಿ ನಿಂತು ತಲೆ ಎತ್ತಿ ನೋಡಿದವರು ನಾವು. ಮಾತಾಜಿ ನನ್ನ ಭಾಷಣ ಮುಗಿಯುವವರೆಗೆ ಕಾದು, "ಬೇಟಾ, ಅದು ಇರಲಿ. ಮೇಲಿಂದ ಬೀಳಬಾರದು. ನೋಡೋಕೆ ಹೇಗಾದರೂ ಇರಲಿ" ಅಂದರು. ಮೀಟಿಂಗು ಅಲ್ಲಿಗೆ ನಿಂತಿತು.

ಆ ರಾತ್ರಿ ಎಂಟನೇ ಮನೆಯ ಮಾಲೀಕರ ಸಂದೇಶ ಬಂತು. ಕೆನಡಾದಲ್ಲಿದ್ದಾರೆ, ಅವರ ತಂದೆ ಇಲ್ಲಿದ್ದು ತೀರಿಕೊಂಡವರು, ಈಗ ಬಾಡಿಗೆಗೆ ಕೊಟ್ಟಿದ್ದಾರೆ. ದಯವಿಟ್ಟು ಕಟ್ಟಡದ ರೂಪ ಬದಲಿಸಬೇಡಿ, ನಾನು ಬಂದಾಗ ಅಪ್ಪ ಇದ್ದ ಹಾಗೇ ಕಾಣಬೇಕು ಅಂತ ಉದ್ದಕ್ಕೆ ಬರೆದಿದ್ದರು. ನನ್ನ ಕಡೆ ಒಂದು ವೋಟು. ಖುಷಿಯಾಗಬೇಕಿತ್ತು. ಆಗಲಿಲ್ಲ.

ಯಾಕೆಂದರೆ ಆ ಸಂದೇಶ ನಾನೇ ಬರೆದದ್ದು. ಅಂದರೆ, ಅಕ್ಷರಶಃ ಅಲ್ಲ. 2006ರ ಬೇಸಿಗೆಯಲ್ಲಿ ಊರಿಗೆ ಹೋದಾಗ ನಮ್ಮ ಮನೆಯ ಮುಂದಿನ ಜಗಲಿ ಮಾಯವಾಗಿತ್ತು. ನಮ್ಮಜ್ಜ ಕಟ್ಟಿಸಿದ ಹೆಂಚಿನ ಮನೆ, ಜಗಲಿಗೆ ನಾಲ್ಕು ಮರದ ಕಂಬ, ಗೋಡೆಗೆ ಶೇಡಿ, ಅಡಿಗೆ ಕೆಮ್ಮಣ್ಣಿನ ಅಂಚು. ತಮ್ಮ ಅದನ್ನು ತೆಗೆಸಿ ತಾರಸಿಯ ಪೋರ್ಟಿಕೋ ಮಾಡಿಸಿದ್ದ, ಕಂಬಕ್ಕೆ ಟೈಲ್ಸು, ಗೋಡೆಗೆ ನೇರಳೆ. ನಾನು ಅಂಗಳದಲ್ಲೇ ಬ್ಯಾಗು ಇಳಿಸಿ ಕೂಗಾಡಿದೆ. ಮನೆ ಅಂದರೆ ಏನು ಅಂತ ಗೊತ್ತೇನೋ ನಿನಗೆ ಅಂದೆ. ಎಂದೂ ಎದುರು ಮಾತಾಡದವನು ಅವತ್ತು ಆಡಿದ. "ಅಣ್ಣಯ್ಯ, ನೀನು ವರ್ಷಕ್ಕೆ ಎಂಟು ದಿನ ಬಂದು ಜಗಲಿ ಮೇಲೆ ಕೂತ್ಕಂಡು ಕಾಫಿ ಕುಡಿಯಕ್ಕೆ ನಾವು ಮಳೆಗಾಲ ಪೂರ್ತಿ ಸೋರೋ ಕಡೆ ಪಾತ್ರೆ ಇಟ್ಕಂಡು ಕೂರ್ಬೇಕಾ? ಅಮ್ಮ ಎರಡು ಸಲ ಜಾರಿ ಬಿದ್ಲು. ನಿಂಗೆ ಹೇಳ್ಲಿಲ್ಲ." ಆ ಸಲ ಎಂಟರ ಬದಲು ಐದೇ ದಿನಕ್ಕೆ ವಾಪಸು ಬಂದೆ. ಆಮೇಲೆ ಹಬ್ಬ ಹುಣ್ಣಿಮೆಗೆ ಫೋನು, ಹೋದಾಗ ಬಂದಾಗ ಮಾತು, ಎಲ್ಲ ಇದೆ. ಆ ವಿಷಯ ಮಾತ್ರ ಇಬ್ಬರೂ ಎತ್ತಿಲ್ಲ.

ಕೆನಡಾದವರಿಗೆ ಉತ್ತರ ಬರೆಯಲು ಕೂತು ಮೂರು ಸಲ ಅಳಿಸಿದೆ. ಕೊನೆಗೆ, ನಿಮ್ಮ ಪಾಲು ತೊಂಬತ್ತು ಸಾವಿರ, ಗೋಡೆ ಆದಷ್ಟು ಹಾಗೇ ಇರುತ್ತದೆ, ಬಾಲ್ಕನಿ ಮಾತ್ರ ಹಾಗೇ ಇರುವುದಿಲ್ಲ ಅಂತ ಬರೆದು ಕಳಿಸಿದೆ. ಹಣ ಮರುದಿನವೇ ಬಂತು.

ಎಲಿವೇಶನ್ ಬಿದ್ದುಹೋದದ್ದು ನನ್ನ ವಾದದಿಂದ ಅಲ್ಲ, ಎರಡೂಕಾಲು ಲಕ್ಷದಿಂದ. ಆಗಸ್ಟ್ ಕೊನೆಗೆ ಬಿದಿರಿನ ಸಾರುವೆ ಎದ್ದಿತು. ಅಷ್ಟರಲ್ಲಿ ಜಿ-20. ಸೆಪ್ಟೆಂಬರ್ 8ರಿಂದ 10ರವರೆಗೆ ದೆಹಲಿಗೆ ರಜೆ, ಪ್ರಗತಿ ಮೈದಾನದಲ್ಲಿ ಹೊಸದಾಗಿ ಎದ್ದ ಭಾರತ್ ಮಂಟಪದಲ್ಲಿ ಶೃಂಗಸಭೆ. ಇಡೀ ನಗರವೇ ಆ ತಿಂಗಳು ಎಲಿವೇಶನ್ ಮಾಡಿಸಿಕೊಂಡಿತು. ಸೇತುವೆಗಳ ಕಂಬಕ್ಕೆ ಚಿತ್ರ, ವೃತ್ತಗಳಲ್ಲಿ ಕಾರಂಜಿ, ಜೋಪಡಿಗಳ ಮುಂದೆ ಹಸಿರು ಬಟ್ಟೆಯ ಪರದೆ. ನಮ್ಮ ಸಾರುವೆಗೂ ಧೂಳು ಹಾರದಂತೆ ಹಸಿರು ಬಟ್ಟೆ ಕಟ್ಟಿದ್ದರು. "ನಮ್ಮನೇನೂ ಜಿ-20ಗೆ ಸೇರಿತು" ಅಂತ ನನ್ನವಳು ಒಳಗೆ ಹಸಿರು ಬೆಳಕಿನಲ್ಲಿ ಹುಣಸೆಹಣ್ಣು ಬಿಡಿಸುತ್ತ ಹೇಳಿದಳು. ಎಲ್ಲ ಅನ್ನವೂ ಪಾಲಕ್ ಅನ್ನದ ಹಾಗೆ ಕಾಣುತ್ತಿತ್ತು.

ಬಾಲ್ಕನಿ ಕೆಲಸ ಮೊದಲು. ಅಡಿಗೆ ಕಬ್ಬಿಣದ ಆಧಾರ ಕೊಟ್ಟು, ಟೊಳ್ಳು ಕಾಂಕ್ರೀಟೆಲ್ಲ ಉಳಿಯಿಂದ ಕೆತ್ತಿ, ಕಂಬಿಯ ತುಕ್ಕನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ತೀರಾ ತೆಳುವಾದ ಕಡೆ ಹೊಸ ಕಂಬಿ ಕಟ್ಟಿ, ತುಕ್ಕು ತಡೆಯುವ ಬಣ್ಣ ಹಚ್ಚಿ, ಮತ್ತೆ ಕಾಂಕ್ರೀಟು ತುಂಬುವುದು. ನಮ್ಮ ಮೂಲೆಯಲ್ಲಿ ಕೆತ್ತಿದಷ್ಟೂ ಉದುರಿತು. ಒಂದು ಕಂಬಿ ಬೆರಳಿಂದ ಒತ್ತಿದರೆ ಬೆಲ್ಲದ ಪಾಕದ ಹಾಗೆ ಪುಡಿಯಾಯಿತು. ಆ ತುಂಡನ್ನು ನಾನು ಇಟ್ಟುಕೊಂಡಿದ್ದೇನೆ, ಪುಸ್ತಕದ ಕಪಾಟಿನಲ್ಲಿದೆ. ಇಸ್ತ್ರಿಯವನಿಗೆ ಹೊಸ ಮೇಜು ಮಾಡಿಸಿಕೊಟ್ಟೆ, ಬೇವಿನ ಮರದ ಅಡಿ, ಬಾಲ್ಕನಿಯಿಂದ ದೂರ. ಅವನಿಗೆ ಆ ಜಾಗ ಇಷ್ಟವಿಲ್ಲ, ಹಕ್ಕಿ ಬಟ್ಟೆ ಮೇಲೆ ಮಾಡುತ್ತದೆ ಅಂತ.

ಗ್ರಿಟ್ ಬಳಿಯುವವರನ್ನು ಹುಡುಕುವುದೇ ಕಷ್ಟವಾಯಿತು. ಟೆಕ್ಸ್ಚರ್ ಪೇಂಟ್ ಹೊಡೀತೀವಿ, ಹಾಗೇ ಕಾಣುತ್ತೆ ಅನ್ನುವವರೇ ಎಲ್ಲ. ಕೊನೆಗೆ ಸಿಕ್ಕ ಮಿಸ್ತ್ರಿ ಭರತಪುರ ಕಡೆಯವನು, ನನಗಿಂತ ನಾಲ್ಕು ವರ್ಷ ದೊಡ್ಡವನು, ಎಂಬತ್ತರ ದಶಕದಲ್ಲಿ ಯಮುನೆಯ ಈಚೆ ದಡದಲ್ಲಿ ಇಂಥ ಗೋಡೆ ಎಷ್ಟು ಮಾಡಿದ್ದಾನೆ ಅಂತ ಅವನಿಗೇ ಲೆಕ್ಕವಿಲ್ಲ. ಮೊದಲು ಗೋಡೆಯನ್ನು ನೀರು, ತೆಳು ಆಸಿಡ್ಡಿನಲ್ಲಿ ತೊಳೆಸಿದ. ಕಪ್ಪು ನೀರು ಎರಡು ದಿನ ಹರಿಯಿತು. ಅದರ ಅಡಿಯಿಂದ ರವೆಯ ಬಣ್ಣ ಎದ್ದು ಬಂದಾಗ ಮೂರನೇ ಮಹಡಿಯ ಹುಡುಗನೇ ಫೋಟೋ ಹೊಡೆದುಕೊಂಡ. ಮಿಸ್ತ್ರಿ ಕಲ್ಲಿನ ಚೂರನ್ನು ಅಂಗೈಯಲ್ಲಿ ಹಿಡಿದು ಗೋಡೆಗೆ ಹೊಂದಿಸಿ ನೋಡಿದ, ಮೂರು ಅಂಗಡಿಯ ಚೂರು ತಿರಸ್ಕರಿಸಿದ. ನಾಲ್ಕನೆಯದಕ್ಕೆ, "ಆ ಕಲ್ಲು ಈಗ ಸಿಗಲ್ಲ ಬಾಬೂಜಿ. ಇದನ್ನೇ ಹಾಕ್ತೀನಿ. ಬೇರೆಯೇ ಕಾಣುತ್ತೆ, ಮೊದಲೇ ಹೇಳಿದೀನಿ" ಅಂದ. ಗೋಡೆಗೆ ಬಳಿದು, ಸಾರುವೆಯ ಮೇಲೇ ಕೂತು ಬೀಡಿ ಸೇದುತ್ತ ಕಾದ. ಗಡಿಯಾರ ನೋಡುತ್ತಿರಲಿಲ್ಲ. ಮಧ್ಯೆ ಮಧ್ಯೆ ಹೆಬ್ಬೆರಳು ಒತ್ತಿ ನೋಡುವುದು. ಯಾವುದೋ ಒಂದು ಒತ್ತಿಗೆ ಎದ್ದು ನೀರು, ಬ್ರಷ್ಷು ಹಿಡಿದ. ಅರ್ಧ ಗಂಟೆಯಲ್ಲಿ ಕಲ್ಲು ಕಣ್ಣು ಬಿಟ್ಟವು.

ಮೂರು ತೇಪೆ ಉಳಿದಿತ್ತು. ನವೆಂಬರ್ 2ರಂದು ಗಾಳಿ ಕೆಟ್ಟು ಎನ್‌ಸಿಆರ್‌ನಲ್ಲಿ ತುರ್ತಲ್ಲದ ಕಟ್ಟಡ ಕೆಲಸವೆಲ್ಲ ಬಂದ್. ಪ್ರತಿ ಚಳಿಗಾಲದ ಕತೆ ಇದು, ಹೊಗೆಮಂಜು ಏರಿದಂತೆ ಮೂರನೇ ಹಂತ, ನಾಲ್ಕನೇ ಹಂತ ಅಂತ ನಿರ್ಬಂಧ ಬೀಳುತ್ತದೆ. ಮಿಸ್ತ್ರಿ ಊರಿಗೆ ಹೋದ. ಮಾರನೇ ದಿನ ರಾತ್ರಿ ಹನ್ನೊಂದೂವರೆಗೆ ಮಂಚ ಅಲ್ಲಾಡಿತು. ನೇಪಾಳದಲ್ಲಿ 6.4ರ ಭೂಕಂಪ, ಇಲ್ಲಿಯವರೆಗೆ ಬಂದಿತ್ತು. ಸಾರುವೆಯ ಬಿದಿರೆಲ್ಲ ಕಟಕಟ ಅನ್ನುವ ಸದ್ದು ಇವತ್ತೂ ಕಿವಿಯಲ್ಲಿದೆ. ಎಂಟು ಮನೆಯೂ ಕೆಳಗಿಳಿದು ಬೇವಿನ ಮರದ ಹತ್ತಿರ ನಿಂತೆವು, ಮಾತಾಜಿ ಶಾಲು ಹೊದ್ದು ಇಸ್ತ್ರಿ ಮೇಜಿನ ಮೇಲೇ ಕೂತರು. ಎಲ್ಲರೂ ಬಾಲ್ಕನಿಗಳ ಕಡೆಯೇ ನೋಡುತ್ತಿದ್ದೆವು. ಏನೂ ಉದುರಲಿಲ್ಲ. ನನ್ನವಳು ಮೇಲೆ ಹೋಗಿ ಎಲ್ಲರಿಗೂ ಕಾಫಿ ಮಾಡಿ ತಂದಳು. ಮಧ್ಯರಾತ್ರಿ ಫಿಲ್ಟರ್ ಕಾಫಿ ಕುಡಿದ ದಾದಾ ಬೆಳಗಿನವರೆಗೆ ನಿದ್ದೆ ಬರಲಿಲ್ಲ ಅಂತ ದೂರಿದರು, ಭೂಕಂಪವನ್ನಲ್ಲ.

ದೀಪಾವಳಿಯ ಹಣತೆ ಸಾರುವೆಯ ನಡುವೆಯೇ ಹಚ್ಚಿದೆವು. ನವೆಂಬರ್ ಕೊನೆಗೆ ನಿರ್ಬಂಧ ತೆಗೆದರೂ ಮಿಸ್ತ್ರಿ ಬಂದದ್ದು ಡಿಸೆಂಬರ್ ಮಧ್ಯದಲ್ಲಿ, ಚಳಿಗೆ ಸಿಮೆಂಟು ತಡವಾಗಿ ಗಟ್ಟಿಯಾಗುತ್ತದೆ ಅಂತ ಗೊಣಗುತ್ತ ಮುಗಿಸಿದ.

2024ರ ಫೆಬ್ರವರಿಯಲ್ಲಿ ತಮ್ಮ, ಅವನ ಹೆಂಡತಿ ಕಾಶಿಯಾತ್ರೆ ಮುಗಿಸಿ ನಮ್ಮಲ್ಲಿಗೆ ಬಂದರು. ಸ್ಟೇಷನ್ನಿಗೆ ಬರ್ತೀನಿ ಅಂದರೆ ಬೇಡ, ಗುರುತು ಹೇಳು ಸಾಕು ಅಂದ. ಹಳೇ ಗುರುತೇ ಹೇಳಿಬಿಟ್ಟೆ. ಆಟೋದವನನ್ನು ಎರಡು ಸುತ್ತು ತಿರುಗಿಸಿ ಫೋನು ಮಾಡಿದ: "ಎಲ್ಲೋ ಅಣ್ಣಯ್ಯ, ಕಪ್ಪು ಮನೆ ಯಾವ್ದೂ ಕಾಣಲ್ಲ." ಕೆಳಗಿಳಿದು ಹೋದೆ. ಅವನು ಬೇವಿನ ಮರದ ಅಡಿ ನಿಂತು ಗೋಡೆ ನೋಡುತ್ತಿದ್ದ. ಹಳೆಯದರ ನಡುವೆ ಹೊಸ ಗ್ರಿಟ್ ತೇಪೆಗಳು ಬೇರೆಯೇ ಕಾಣುತ್ತವೆ, ಸ್ವಲ್ಪ ಬೆಳ್ಳಗೆ. ನಮ್ಮ ಬಾಲ್ಕನಿಯ ಎಡಕ್ಕೆ ಇರುವುದು ಎಲ್ಲಕ್ಕಿಂತ ದೊಡ್ಡದು.

"ಇದೇನು, ಹಿಂಗೇ ಬಿಟ್ರಾ? ಬಣ್ಣ ಹೊಡಿಸಿದ್ರೆ ಒಂದೇ ಥರ ಆಗ್ತಿತ್ತು."

"ಇದಕ್ಕೆ ಬಣ್ಣ ಇಲ್ಲ."

ಅವನು ಹತ್ತಿರ ಹೋಗಿ ಗೋಡೆಯ ಮೇಲೆ ಕೈಯಾಡಿಸಿ, ಸಟ್ಟನೆ ಎಳೆದುಕೊಂಡ. "ತರಚತ್ತಲ್ಲೋ."

"ಹೂಂ. ಒರಗಬೇಡ. ಜಗಲಿ ಅಲ್ಲ ಇದು" ಅಂದೆ.

ಅವನು ನನ್ನ ಮುಖ ನೋಡಿದ. ಆಮೇಲೆ ಅಂಗೈ ನೋಡಿಕೊಂಡು ನಗತೊಡಗಿದ. ಮೇಲಿನಿಂದ ನನ್ನವಳು, "ಅಲ್ಲೇ ನಿಂತು ಏನು ಮಾತು, ಮೇಲೆ ಬನ್ನಿ, ಕಾಫಿ ಆರ್ತಿದೆ" ಅಂತ ಬಾಲ್ಕನಿಯಿಂದ ಬಗ್ಗಿ ಕರೆದಳು. ನಾನು ಅವರ ಒಂದು ಬ್ಯಾಗು ಎತ್ತಿಕೊಂಡೆ.